ಶುಗರ್ ಚೀಟಿಯಲ್ಲಿ ಮನಸ್ಸಿನ ವಿಷಯವನ್ನೂ ಬರೆಯಿರಿ

ನನಗೆ ಶುಗರ್ ಬಂದು ಒಂಬತ್ತು ವರ್ಷ. ಮೊದಲ ಎರಡು ವರ್ಷ ಎಲ್ಲವನ್ನೂ ಸರಿಯಾಗಿಯೇ ಮಾಡಿದೆ. ಬೆಳಿಗ್ಗೆ ನಡಿಗೆ, ಅಳೆದು ಬಡಿಸಿಕೊಂಡ ಅನ್ನ, ಸಕ್ಕರೆ ಇಲ್ಲದ ಕಾಫಿ, ಡೈರಿಯಲ್ಲಿ ದಿನಾ ರೀಡಿಂಗ್. ಮೂರನೇ ವರ್ಷ ಗ್ಲುಕೋಮೀಟರ್ ಬೀರುವಿನಲ್ಲಿ ಸೀರೆಗಳ ಕೆಳಗೆ ಸೇರಿತು. ಚುಚ್ಚಿಕೊಳ್ಳುವ ನೋವಿಗೆ ನಾನು ಹೆದರಿರಲಿಲ್ಲ. ಆ ನಂಬರ್ ಕಂಡರೆ ಯಾರೋ ಎದುರು ನಿಂತು ಬೈದ ಹಾಗಾಗುತ್ತಿತ್ತು. ರಾತ್ರಿ ಎರಡು ಗಂಟೆಗೆ ಎಚ್ಚರ, ಆಮೇಲೆ ನಿದ್ದೆ ಇಲ್ಲ, ಬೆಳಿಗ್ಗೆ ಏಳುವುದಕ್ಕೆ ಮನಸ್ಸಿಲ್ಲ, ಯಾರ ಹತ್ತಿರವೂ ಮಾತು ಬೇಡ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 7.1 ಇದ್ದದ್ದು 9.6 ಆಯಿತು. ಡಾಕ್ಟರ್ ಒಂದು ಮಾತ್ರೆ ಸೇರಿಸಿದರು, ಮುಂದಿನ ಸಲ ಇನ್ನೊಂದು. "ಬಾಯಿ ಕಟ್ಟಬೇಕಮ್ಮಾ" ಅಂದರು. ಮನೆಯಲ್ಲೂ ಅದೇ ಮಾತು.

ಕೊನೆಗೆ ಸರಿಯಾದ ಪ್ರಶ್ನೆ ಕೇಳಿದವರು ರಕ್ತ ತೆಗೆಯುವ ಸಿಸ್ಟರ್. "ಮೊದಲು ತಪ್ಪದೆ ಬರ್ತಿದ್ರಿ, ಈಗ ಯಾಕೆ ಬರ್ತಿಲ್ಲ? ನಿದ್ದೆ ಬರುತ್ತಾ?" ಅಂತ. ನನಗೆ ಗಂಟಲು ಕಟ್ಟಿತು, ಉತ್ತರ ಕೊಡುವುದಕ್ಕೆ ಆಗಲಿಲ್ಲ. ಆಕೆ ನನ್ನ ಜೊತೆಯೇ ಡಾಕ್ಟರ್ ರೂಮಿಗೆ ಬಂದು, "ಸರ್, ಇವರಿಗೆ ಬರೀ ಶುಗರ್ ಅಲ್ಲ, ಮನಸ್ಸಿಗೂ ಹುಷಾರಿಲ್ಲ" ಎಂದರು. ನನ್ನ ಚಿಕಿತ್ಸೆ ನಿಜವಾಗಿ ಶುರುವಾದದ್ದು ಆ ದಿನ.

ಭಾರತದಲ್ಲಿ ಶುಗರ್ ಇರುವವರು ಸುಮಾರು 10.1 ಕೋಟಿ ಎಂದು ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್‌ನ ದೊಡ್ಡ ಅಧ್ಯಯನ 2023ರಲ್ಲಿ ಹೇಳಿತು. ಉಳಿದವರಿಗೆ ಹೋಲಿಸಿದರೆ ಶುಗರ್ ಇರುವವರಲ್ಲಿ ಖಿನ್ನತೆ, ಅಂದರೆ ಡಿಪ್ರೆಶನ್, ಹೆಚ್ಚುಕಡಿಮೆ ಎರಡು ಪಟ್ಟು ಜಾಸ್ತಿ ಎಂಬುದು ವೈದ್ಯರಿಗೆ ಬಹಳ ಹಿಂದಿನಿಂದ ಗೊತ್ತಿರುವ ವಿಷಯ. ಆದರೂ ನಮ್ಮ ಚೀಟಿಗಳಲ್ಲಿ ಫಾಸ್ಟಿಂಗ್, ಊಟದ ನಂತರದ ಶುಗರ್, ಬಿಪಿ, ತೂಕ ಎಲ್ಲ ಇರುತ್ತೆ, ಮನಸ್ಸಿಗೆ ಒಂದು ಸಾಲೂ ಇರುವುದಿಲ್ಲ. ಆ ಸಾಲನ್ನು ನಾವೇ ಬರೆದುಕೊಳ್ಳುವುದು ಹೇಗೆ, ಬರೆದ ಮೇಲೆ ಏನು ಮಾಡಬೇಕು, ಅದನ್ನು ಇಲ್ಲಿ ಹೇಳುತ್ತೇನೆ. ನಾನು ಡಾಕ್ಟರ್ ಅಲ್ಲ. ಇಲ್ಲಿ ಹೆಸರು ಹೇಳುವ ಯಾವ ಮಾತ್ರೆಯನ್ನೂ ನೀವೇ ಶುರು ಮಾಡಬೇಡಿ, ನೀವೇ ನಿಲ್ಲಿಸಲೂ ಬೇಡಿ.

ಸಾಕಾಗಿಹೋಗಿದೆ ಅನ್ನುವುದು ಬೇರೆ, ಡಿಪ್ರೆಶನ್ ಬೇರೆ

ಇವೆರಡನ್ನೂ ಮೊದಲು ಬಿಡಿಸಿಕೊಳ್ಳಿ, ಯಾಕೆಂದರೆ ಎರಡಕ್ಕೂ ಮದ್ದು ಒಂದೇ ಅಲ್ಲ.

"ಈ ಕಾಯಿಲೆ ಸಾಕಾಗಿಹೋಗಿದೆ" ಎಂಬ ದಣಿವಿಗೆ ಇಂಗ್ಲಿಷಿನಲ್ಲಿ ಡಯಾಬಿಟಿಸ್ ಡಿಸ್ಟ್ರೆಸ್ ಅನ್ನುತ್ತಾರೆ. ಅದನ್ನು ಅಳೆಯುವ ಪ್ರಶ್ನಾವಳಿಗಳು 1995ರಿಂದಲೂ ಇವೆ. ಶುಗರ್‌ಗೆ ರಜೆ ಇಲ್ಲ, ಅಲ್ವಾ? ಮದುವೆ ಮನೆಯಲ್ಲಿ ಎಲೆ ಮುಂದೆ ಕೂತರೂ ಲೆಕ್ಕ, ಬಸ್ಸು ತಡವಾದರೂ ಲೆಕ್ಕ, ಜ್ವರ ಬಂದರೂ ಲೆಕ್ಕ. ವರ್ಷಗಟ್ಟಲೆ ಹೀಗೆ ನಡೆದರೆ ಯಾರಿಗಾದರೂ ಸುಸ್ತಾಗುತ್ತೆ. ಇದು ಮನೋರೋಗ ಅಲ್ಲ, ಆದರೆ ಇದನ್ನು ಕೇಳುವವರಿಲ್ಲದಿದ್ದರೆ ಮಾತ್ರೆ ತಪ್ಪುತ್ತೆ, ಪರೀಕ್ಷೆ ನಿಲ್ಲುತ್ತೆ, ಶುಗರ್ ಏರುತ್ತೆ. ನಿಮ್ಮನ್ನೇ ಎರಡು ಪ್ರಶ್ನೆ ಕೇಳಿಕೊಳ್ಳಿ. ಶುಗರ್ ಜೊತೆ ಬದುಕುವುದು ನನ್ನ ಕೈ ಮೀರಿ ಹೋಗುತ್ತಿದೆ ಅನಿಸುತ್ತಿದೆಯಾ? ಊಟ, ಮಾತ್ರೆ, ನಡಿಗೆ ಈ ಎಲ್ಲದರಲ್ಲೂ ನಾನು ಪದೇ ಪದೇ ಸೋಲುತ್ತಿದ್ದೇನೆ ಅನಿಸುತ್ತಿದೆಯಾ? ಎರಡಕ್ಕೂ ಹೌದು ಅಂದರೆ ಅದನ್ನು ಚೀಟಿಯಲ್ಲಿ ಬರೆಯಿರಿ. ಇದಕ್ಕೆ ಹೆಚ್ಚಾಗಿ ಮಾತ್ರೆ ಬೇಕಾಗುವುದಿಲ್ಲ. ಹೊರೆ ಕಡಿಮೆ ಮಾಡಬೇಕು, ಯಾರಾದರೂ ಕೂತು ಕೇಳಬೇಕು.

ಡಿಪ್ರೆಶನ್ ಇದಕ್ಕಿಂತ ಅಗಲ. ಅದು ಶುಗರ್ ವಿಷಯಕ್ಕೆ ಮಾತ್ರ ನಿಲ್ಲುವುದಿಲ್ಲ, ಇಡೀ ಬದುಕಿನ ಬಣ್ಣ ತೆಗೆದುಬಿಡುತ್ತೆ. ಇದಕ್ಕೂ ಎರಡು ಪ್ರಶ್ನೆ ಇವೆ, ಜಗತ್ತಿನಾದ್ಯಂತ ವೈದ್ಯರು ಬಳಸುವ ಪಿಎಚ್‌ಕ್ಯೂ-2. ಕಳೆದ ಎರಡು ವಾರದಲ್ಲಿ, ಮೊದಲು ಇಷ್ಟವಾಗುತ್ತಿದ್ದ ಕೆಲಸಗಳಲ್ಲಿ ಆಸಕ್ತಿ ಇಲ್ಲ, ಖುಷಿ ಇಲ್ಲ ಎಂದು ಎಷ್ಟು ದಿನ ಅನಿಸಿತು? ಮನಸ್ಸು ಕುಗ್ಗಿದೆ, ಮುಂದೆ ದಾರಿಯೇ ಇಲ್ಲ ಎಂದು ಎಷ್ಟು ದಿನ ಅನಿಸಿತು? ಇಲ್ಲವೇ ಇಲ್ಲ ಅಂದರೆ 0, ಕೆಲವು ದಿನ ಅಂದರೆ 1, ಅರ್ಧಕ್ಕಿಂತ ಜಾಸ್ತಿ ದಿನ ಅಂದರೆ 2, ಹೆಚ್ಚುಕಡಿಮೆ ದಿನಾ ಅಂದರೆ 3. ಎರಡೂ ಕೂಡಿ 3 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಡಾಕ್ಟರ್ ಹತ್ತಿರ ವಿವರವಾಗಿ ಮಾತಾಡಲೇಬೇಕು. ಇಷ್ಟರಿಂದಲೇ ಡಿಪ್ರೆಶನ್ ಇದೆ ಎಂದು ತೀರ್ಮಾನ ಆಗುವುದಿಲ್ಲ. ಬಾಗಿಲು ತಟ್ಟುವ ಹೊತ್ತಾಗಿದೆ ಎಂದು ಗೊತ್ತಾಗುತ್ತೆ, ಅಷ್ಟೇ.

ನಮ್ಮ ಕಡೆ ಜನ "ನನಗೆ ಖಿನ್ನತೆ" ಎಂದು ಹೇಳಿಕೊಳ್ಳುವುದು ಕಡಿಮೆ. "ತಲೆ ಭಾರ", "ಮೈ ಕೈ ನೋವು", "ಸುಸ್ತು", "ಯಾಕೋ ಬೇಜಾರು", "ಟೆನ್ಷನ್" ಇವೇ ಬಾಯಿಗೆ ಬರುತ್ತವೆ. ವಯಸ್ಸಾದವರು ಅತ್ತುಕೊಂಡು ಹೇಳುವುದಿಲ್ಲ, ಊಟ ಬೇಡ ಅನ್ನುತ್ತಾರೆ, ದೇವಸ್ಥಾನಕ್ಕೆ ಹೋಗುವುದು ಬಿಡುತ್ತಾರೆ, ಸುಮ್ನೆ ಗೋಡೆ ಕಡೆ ತಿರುಗಿ ಮಲಗುತ್ತಾರೆ. ಗಂಡಸರಲ್ಲಿ ಎಷ್ಟೋ ಸಲ ಇದು ಸಿಡುಕಾಗಿ, ಕುಡಿತವಾಗಿ ಕಾಣಿಸುತ್ತೆ. ತೊಡಕು ಏನಂದರೆ, ಸುಸ್ತು, ನಿದ್ದೆ ಇಲ್ಲದಿರುವುದು, ತೂಕ ಇಳಿಯುವುದು ಇವೆಲ್ಲ ಶುಗರ್ ಏರಿದಾಗಲೂ ಆಗುತ್ತವೆ. ಹಾಗಾಗಿ "ಶುಗರ್ ಇದ್ದವರಿಗೆ ಸುಸ್ತು ಇದ್ದೇ ಇರುತ್ತೆ" ಎಂದು ಎಲ್ಲರೂ ತಳ್ಳಿಹಾಕುತ್ತಾರೆ. ಸುಸ್ತನ್ನು ಬದಿಗಿಟ್ಟು ಆಸಕ್ತಿಯನ್ನು ನೋಡಿ. ಮೊಮ್ಮಗು ಮಡಿಲಿಗೆ ಬಂದರೂ ಏನೂ ಅನಿಸದಿದ್ದರೆ ಅದು ಬರೀ ಶುಗರ್ ಸುಸ್ತು ಇರಲಾರದು.

ಎದೆ ಹೊಡೆದುಕೊಂಡಾಗ ಮೊದಲು ಮೀಟರ್

ಆತಂಕದ ವಿಷಯಕ್ಕೆ ಬಂದರೆ, ಶುಗರ್ ಇರುವವರಿಗೆ ಒಂದು ವಿಶೇಷ ಕಷ್ಟ ಇದೆ. ಗಾಬರಿ ಆದಾಗ ಏನಾಗುತ್ತೆ? ಕೈ ನಡುಕ, ಬೆವರು, ಎದೆ ಬಡಿತ, ತಲೆ ಸುತ್ತು, ಏನೋ ಆಗಿಬಿಡುತ್ತೆ ಎಂಬ ಭಯ. ಶುಗರ್ ತೀರ ಇಳಿದಾಗ ಏನಾಗುತ್ತೆ? ಇದೇ. ಒಂದೇ ಥರ ಇರುವುದಕ್ಕೆ ಕಾರಣವೂ ಇದೆ, ಎರಡರಲ್ಲೂ ಮೈಯಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನ್ ಸುರಿಯುತ್ತೆ. ಬರೀ ಅನಿಸಿಕೆಯಿಂದ ಇವೆರಡನ್ನೂ ಬೇರೆ ಮಾಡುವುದು ಕಷ್ಟ, ಊಹೆ ಮಾಡುತ್ತಾ ಕೂರಬೇಡಿ. ಚುಚ್ಚಿ ನೋಡಿ.

70ಕ್ಕಿಂತ ಕಡಿಮೆ ಇದ್ದರೆ ಅದು ಲೋ ಶುಗರ್. ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಲ್ಲಿ ಕಲಸಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಇನ್ನೂ 70 ದಾಟಿಲ್ಲ ಅಂದರೆ ಇನ್ನೊಮ್ಮೆ ಕುಡಿಯಿರಿ. ಮೈಸೂರು ಪಾಕು, ಚಾಕೊಲೇಟು ಆಗ ಒಳ್ಳೆಯದಲ್ಲ, ಅವುಗಳಲ್ಲಿರುವ ತುಪ್ಪ, ಕೊಬ್ಬು ಸಕ್ಕರೆಯನ್ನು ತಡ ಮಾಡುತ್ತವೆ. ಸರಿಹೋದ ಮೇಲೆ, ಊಟಕ್ಕೆ ಇನ್ನೂ ಹೊತ್ತಿದ್ದರೆ ಏನಾದರೂ ತಿನ್ನಿ. ಮೀಟರ್ ಕೈಗೆ ಸಿಗದಿದ್ದರೆ, ನೀವು ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಥರದ ಮಾತ್ರೆ ತೆಗೆದುಕೊಳ್ಳುವವರಾಗಿದ್ದರೆ, ಲೋ ಶುಗರ್ ಎಂದೇ ತಿಳಿದು ಸಕ್ಕರೆ ಕುಡಿಯಿರಿ. ಬರೀ ಮೆಟ್‌ಫಾರ್ಮಿನ್ ಇದ್ದವರಿಗೆ ಶುಗರ್ ಅಷ್ಟು ಇಳಿಯುವುದು ಅಪರೂಪ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ಉಸಿರು ಕಟ್ಟುತ್ತೆ. 108ಕ್ಕೆ ಫೋನ್ ಮಾಡಿ.

ಮೀಟರ್ 110 ತೋರಿಸಿದರೂ ನಡುಕ ನಿಲ್ಲಲಿಲ್ಲ ಅಂದರೆ ಅದಕ್ಕೂ ಎರಡು ಅರ್ಥ ಇವೆ. ಬಹಳ ಕಾಲ 300ರ ಹತ್ತಿರ ಇದ್ದ ಮೈ ಸರಿಯಾದ ಮಟ್ಟಕ್ಕೆ ಇಳಿದಾಗ ಅದನ್ನೇ ಕಡಿಮೆ ಎಂದು ತಿಳಿದು ಕೂಗಾಡುತ್ತೆ. ಕೆಲವು ವಾರಗಳಲ್ಲಿ ಅದು ಒಗ್ಗಿಕೊಳ್ಳುತ್ತೆ. ಇಲ್ಲವಾದರೆ ಅದು ಗಾಬರಿ. ಆಗ ಕೂತು, ಉಸಿರನ್ನು ಒಳಗೆ ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ, ಉದ್ದವಾಗಿ ಹೊರಗೆ ಬಿಡಿ. ಐದು ನಿಮಿಷ ಸಾಕು. ಇಷ್ಟೆಲ್ಲದರ ನಡುವೆ ಒಂದನ್ನು ಮರೆಯಬೇಡಿ: ಎದೆ ಒತ್ತಿದ ಹಾಗೆ, ಉಸಿರು ಸಿಗದ ಹಾಗೆ, ತಣ್ಣನೆ ಬೆವರು ಬಂದರೆ ಅದು ಹೃದಯದ್ದೂ ಇರಬಹುದು. ಶುಗರ್ ಇರುವವರಲ್ಲಿ ಎದೆನೋವೇ ಇಲ್ಲದೆ ಹೃದಯಾಘಾತ ಆಗುವುದೂ ಉಂಟು. ಮೊದಲ ಸಲ ಆದಾಗ "ಟೆನ್ಷನ್ ಇರಬೇಕು" ಎಂದು ಮನೆಯಲ್ಲಿ ಉಳಿಯಬೇಡಿ, ಇಸಿಜಿ ಮಾಡಿಸಿ.

ರಾತ್ರಿ ಬೆವರಿ ಬಟ್ಟೆ ಒದ್ದೆಯಾಗುವುದು, ಕೆಟ್ಟ ಕನಸು, ಬೆಳಿಗ್ಗೆ ಎದ್ದಾಗ ತಲೆನೋವು, ಇವು ನಿದ್ದೆಯಲ್ಲಿ ಶುಗರ್ ಇಳಿದದ್ದರ ಗುರುತು ಇರಬಹುದು. ಎರಡು ಮೂರು ರಾತ್ರಿ ಅಲಾರಂ ಇಟ್ಟು ಮೂರು ಗಂಟೆಗೆ ನೋಡಿಕೊಳ್ಳಿ. ಒಮ್ಮೆ ಜೋರಾಗಿ ಲೋ ಆದವರಿಗೆ ಆ ಭಯ ಹೋಗುವುದೇ ಇಲ್ಲ. ನನಗೆ ಗೊತ್ತಿರುವ ಒಬ್ಬ ಬಸ್ ಡ್ರೈವರ್ ಗಾಡಿ ಓಡಿಸುವಾಗ ಹಾಗಾದರೆ ಏನು ಗತಿ ಎಂದು ಬೇಕಂತಲೇ ಶುಗರನ್ನು 250ರ ಮೇಲೆ ಇಟ್ಟುಕೊಳ್ಳುತ್ತಿದ್ದರು. ಬೆಳಗಿನ ಮಾತ್ರೆ ಬಿಟ್ಟುಬಿಡುತ್ತಿದ್ದರು, ಡಾಕ್ಟರ್‌ಗೆ ಹೇಳುತ್ತಿರಲಿಲ್ಲ. ಹೇಳಿದ ದಿನ ಡಾಕ್ಟರ್ ಲೋ ಆಗದ ಬೇರೆ ಮಾತ್ರೆಗೆ ಬದಲಾಯಿಸಿದರು. ಆ ಒಂದು ಮಾತು ಹೇಳುವುದಕ್ಕೆ ಅವರಿಗೆ ನಾಲ್ಕು ವರ್ಷ ಬೇಕಾಯಿತು. ಈ ಭಯ ನಿಮಗೂ ಇದ್ದರೆ ದಯವಿಟ್ಟು ಬಾಯಿ ಬಿಟ್ಟು ಹೇಳಿ, ಈಗ ಲೋ ಆಗುವ ಸಂಭವ ಕಡಿಮೆ ಇರುವ ಮಾತ್ರೆಗಳು ಬೇಕಾದಷ್ಟಿವೆ.

ಇಲ್ಲೇ ಇನ್ನೊಂದು ಎಚ್ಚರಿಕೆ. ಎದೆ ಬಡಿತಕ್ಕೆ, ಕೈ ನಡುಕಕ್ಕೆ ಎಂದು ಪ್ರೊಪ್ರನೊಲಾಲ್ ಎಂಬ ಮಾತ್ರೆ ಕೊಡುವುದುಂಟು. ಅದು ಲೋ ಶುಗರ್‌ನ ನಡುಕ, ಬಡಿತ ಎರಡನ್ನೂ ಮುಚ್ಚಿಬಿಡುತ್ತೆ. ಉಳಿಯುವ ಗುರುತು ಬೆವರು. ಆ ಮಾತ್ರೆ ಬರೆಯುವ ಡಾಕ್ಟರ್‌ಗೆ ನಿಮಗೆ ಶುಗರ್ ಇದೆ, ಇಂಥ ಇಂಥ ಮಾತ್ರೆ ನಡೆಯುತ್ತಿದೆ ಎಂದು ಹೇಳಿ.

ಮನಸ್ಸು ಎನ್ನುವ ಮೊದಲು ರಕ್ತದಲ್ಲಿ ನೋಡಬೇಕಾದ್ದು

ಮೆಟ್‌ಫಾರ್ಮಿನ್ ಒಳ್ಳೆಯ ಮಾತ್ರೆ, ಆದರೆ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ವಿಟಮಿನ್ ಬಿ12 ಕಡಿಮೆ ಆಗಬಹುದು. ಮಾಂಸ, ಮೀನು, ಮೊಟ್ಟೆ ತಿನ್ನದ ಮನೆಗಳಲ್ಲಿ ಅದು ಮೊದಲೇ ಕಡಿಮೆ ಇರುತ್ತೆ. ಬಿ12 ಇಳಿದರೆ ಸುಸ್ತು, ಮರೆವು, ಮನಸ್ಸು ಕುಗ್ಗುವುದು, ಕಾಲು ಜೋಮು. ಕಾಲು ಜೋಮನ್ನು ಶುಗರ್ ನರದ ತೊಂದರೆ ಎಂದುಕೊಂಡು, ಮರೆವನ್ನು ವಯಸ್ಸು ಎಂದುಕೊಂಡು, ಬೇಜಾರನ್ನು ಸ್ವಭಾವ ಎಂದುಕೊಂಡು ಕೂತವರಿದ್ದಾರೆ. ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುವ ವಿಷಯ ಇದು. ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಕೂಡ ನೋಡಿಸಿ. ಜೋರಾಗಿ ಗೊರಕೆ ಹೊಡೆಯುವವರು, ಹಗಲು ಕೂತಲ್ಲೇ ತೂಗುವವರು ಅದನ್ನೂ ಹೇಳಿ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಶುಗರನ್ನೂ ಕೆಡಿಸುತ್ತೆ, ಮನಸ್ಸನ್ನೂ ಕೆಡಿಸುತ್ತೆ.

ಉರಿಗಾಲು ಇರುವವರು ರಾತ್ರಿ ನಿದ್ದೆ ಇಲ್ಲದೆ ಒದ್ದಾಡುತ್ತಾರೆ, ಅದರಿಂದಲೂ ಮನಸ್ಸು ಕುಸಿಯುತ್ತೆ. ಡುಲಾಕ್ಸೆಟಿನ್ ಎಂಬ ಮಾತ್ರೆ ನರದ ನೋವಿಗೂ ಆಗುತ್ತೆ, ಖಿನ್ನತೆಗೂ ಆಗುತ್ತೆ. ನಿಮಗೆ ಎರಡೂ ಇದ್ದರೆ ಎರಡನ್ನೂ ಒಟ್ಟಿಗೆ ಹೇಳಿ, ಆಗ ಡಾಕ್ಟರ್‌ಗೆ ಒಂದೇ ಮಾತ್ರೆಯಲ್ಲಿ ಎರಡು ಕೆಲಸ ಆಗುತ್ತದಾ ಎಂದು ಯೋಚಿಸಲು ಸಾಧ್ಯ.

ಡಾಕ್ಟರ್ ಎದುರು ಎರಡೇ ನಿಮಿಷ ಸಿಕ್ಕಾಗ

ಸರ್ಕಾರಿ ಆಸ್ಪತ್ರೆಯ ಓಪಿಡಿ ಆಗಲಿ, ಊರಿನ ಕ್ಲಿನಿಕ್ ಆಗಲಿ, ಸಾಲು ಉದ್ದ ಇರುತ್ತೆ. ಒಳಗೆ ಹೋದ ಮೇಲೆ "ಹೇಗಿದ್ದೀರಿ" ಅಂದರೆ "ಪರವಾಗಿಲ್ಲ ಸರ್" ಎಂದು ನಮ್ಮ ಬಾಯಿ ತಾನಾಗಿಯೇ ಹೇಳಿಬಿಡುತ್ತೆ. ಹಾಗಾಗಿ ಬರೆದುಕೊಂಡು ಹೋಗಿ. ಶುಗರ್ ರೀಡಿಂಗ್ ಬರೆಯುವ ಅದೇ ಚೀಟಿಯ ಮೇಲೆ, ಕೆಳಗಲ್ಲ, ಮೇಲೆ. ನಾನು ಹೀಗೆ ಬರೆದಿದ್ದೆ: "ಎರಡು ತಿಂಗಳಿಂದ ರಾತ್ರಿ ಎರಡಕ್ಕೆ ಎಚ್ಚರ. ಯಾವುದರಲ್ಲೂ ಆಸಕ್ತಿ ಇಲ್ಲ. ವಾರಕ್ಕೆ ಮೂರು ನಾಲ್ಕು ದಿನ ಮಾತ್ರೆ ಬಿಟ್ಟಿದ್ದೇನೆ." ಮೂರು ಸಾಲು. ಎಷ್ಟು ದಿನದಿಂದ, ಏನಾಗುತ್ತಿದೆ, ಅದರಿಂದ ಶುಗರ್ ಔಷಧಿಗೆ ಏನಾಗಿದೆ. ಕೊನೆಯ ಸಾಲನ್ನು ಬಿಡಬೇಡಿ. ಮಾತ್ರೆ ಬಿಟ್ಟದ್ದನ್ನು ಮುಚ್ಚಿಟ್ಟರೆ ಡಾಕ್ಟರ್ ಮಾತ್ರೆ ಸಾಲುತ್ತಿಲ್ಲ ಎಂದುಕೊಂಡು ಡೋಸ್ ಏರಿಸುತ್ತಾರೆ, ಆಮೇಲೆ ನೀವು ಒಂದು ದಿನ ಎಲ್ಲವನ್ನೂ ಸರಿಯಾಗಿ ತೆಗೆದುಕೊಂಡರೆ ಶುಗರ್ ಪಾತಾಳಕ್ಕೆ ಹೋಗುತ್ತೆ.

ನಾಚಿಕೆಯ ವಿಷಯವೂ ಇದೆ. ಶುಗರ್‌ನಿಂದ ಗಂಡಸರಿಗೆ ಲೈಂಗಿಕ ತೊಂದರೆ ಆಗುವುದು ತುಂಬ ಸಾಮಾನ್ಯ, ಅದನ್ನು ಹೇಳಿಕೊಳ್ಳಲಾಗದೆ ಒಳಗೇ ಕೊರಗುವವರು ಬಹಳ ಜನ. ಹೆಂಗಸರಿಗೂ ಪದೇ ಪದೇ ತುರಿಕೆ, ಸೋಂಕು, ಗಂಡನ ಹತ್ತಿರ ಹೋಗುವುದಕ್ಕೇ ಬೇಡ ಅನಿಸುವುದು. ಬಾಯಲ್ಲಿ ಹೇಳುವುದಕ್ಕೆ ಆಗದಿದ್ದರೆ ಚೀಟಿಯಲ್ಲಿ ಬರೆದು ಕೊಡಿ. ಡಾಕ್ಟರ್ ದಿನಾ ನೋಡುವ ತೊಂದರೆ ಇದು.

ಡಾಕ್ಟರ್ ತಳ್ಳಿಹಾಕಿದರೆ? ನನಗೂ ಒಬ್ಬರು "ಎಲ್ಲ ನಿಮ್ಮ ತಲೆಯಲ್ಲಿದೆ, ಯೋಚನೆ ಬಿಡಿ" ಎಂದಿದ್ದರು. ಆ ಮಾತಿನಿಂದ ನಾನು ಆರು ತಿಂಗಳು ಕಳೆದುಕೊಂಡೆ. ನೀವು ಕಳೆದುಕೊಳ್ಳಬೇಡಿ, ಬೇರೆ ಬಾಗಿಲು ತಟ್ಟಿ.

ಎಲ್ಲಿಗೆ ಹೋಗಬೇಕು

ಫೋನಿನಿಂದ ಶುರು ಮಾಡಬಹುದು. ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆ 2022ರ ಅಕ್ಟೋಬರ್ 10ರಂದು ಶುರುವಾಯಿತು. ನಂಬರ್ 14416. ಕಾಸಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಇಡೀ ದೇಶಕ್ಕೆ ಇದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. "ನನಗೆ ಶುಗರ್ ಇದೆ, ಈ ಮಾತ್ರೆ ನಡೀತಿದೆ, ಮನಸ್ಸಿಗೆ ಹೀಗಾಗ್ತಿದೆ" ಎಂದರೆ ಸಾಕು, ಮುಂದೆ ಎಲ್ಲಿ ತೋರಿಸಬೇಕು ಎಂದು ಅವರೇ ಹೇಳುತ್ತಾರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ. ಈ ಇಡೀ ಯೋಜನೆಗೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಕೆಲಸ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗಳಿಗೂ ಮನೋವೈದ್ಯರು ಗೊತ್ತಾದ ದಿನ ಬರುವ ಏರ್ಪಾಡು ಇದೆ. ಯಾವ ದಿನ ಎಂದು ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡು ಹೋಗಿ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ಹತ್ತಿರ.

"ಅಲ್ಲಿಗೆ ಹೋದರೆ ಹುಚ್ಚಾಸ್ಪತ್ರೆಗೆ ಹೋದರು ಅಂತಾರೆ" ಎಂದು ನನ್ನ ಅತ್ತೆಯೇ ಹೇಳಿದ್ದರು. ಶುಗರ್ ಇದ್ದವರು ಕಣ್ಣಿನ ಡಾಕ್ಟರ್ ಹತ್ತಿರ ಹೋಗುತ್ತಾರೆ, ಕಿಡ್ನಿ ಪರೀಕ್ಷೆ ಮಾಡಿಸುತ್ತಾರೆ, ಪಾದ ತೋರಿಸುತ್ತಾರೆ, ಇದೂ ಹಾಗೆಯೇ ಒಂದು ತಪಾಸಣೆ ಎಂದು ನಾನು ಅವರಿಗೆ ಹೇಳಿದೆ. ಮೂರನೇ ಸಲ ಅವರೇ ನನ್ನ ಜೊತೆ ಬಂದರು.

ಇಬ್ಬರು ಡಾಕ್ಟರ್ ಆದಾಗ ಒಬ್ಬರ ಚೀಟಿ ಇನ್ನೊಬ್ಬರಿಗೆ ತಲುಪಿಸುವುದು ನಿಮ್ಮ ಕೆಲಸ. ಎರಡೂ ಚೀಟಿ ಒಂದೇ ಫೈಲಿನಲ್ಲಿಡಿ. ಇದು ಸಣ್ಣ ವಿಷಯ ಅನಿಸಬಹುದು. ಬೆಂಗಳೂರು, ಚೆನ್ನೈ, ದೆಹಲಿ, ವಿಶಾಖಪಟ್ಟಣದ ಶುಗರ್ ಕ್ಲಿನಿಕ್‌ಗಳಲ್ಲಿ 404 ಜನರ ಮೇಲೆ ನಡೆದ ಒಂದು ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಶುಗರ್ ಮತ್ತು ಖಿನ್ನತೆ ಎರಡೂ ಇದ್ದ ಜನ ಅವರು. ಅರ್ಧ ಜನರಿಗೆ ಮಾಮೂಲಿ ಚಿಕಿತ್ಸೆ. ಇನ್ನರ್ಧ ಜನರಿಗೆ ತರಬೇತಿ ಪಡೆದ ಒಬ್ಬ ಸಹಾಯಕಿ ಅಥವಾ ಸಹಾಯಕ, ಅವರು ಡಾಕ್ಟರ್ ಅಲ್ಲ, ಎರಡೂ ಕಾಯಿಲೆಯನ್ನು ಒಟ್ಟಿಗೆ ನೋಡಿಕೊಳ್ಳುತ್ತಾ, ವಿಚಾರಿಸುತ್ತಾ, ತಜ್ಞರಿಗೆ ತಿಳಿಸುತ್ತಾ ಹೋದರು. ಎರಡು ವರ್ಷದ ಮೇಲೆ ನೋಡಿದಾಗ ಖಿನ್ನತೆಯ ಜೊತೆಗೆ ಶುಗರ್, ಬಿಪಿ, ಕೊಲೆಸ್ಟ್ರಾಲ್ ಇವುಗಳಲ್ಲಿ ಒಂದಾದರೂ ಸುಧಾರಿಸಿದವರು ಈ ಗುಂಪಿನಲ್ಲೇ ಜಾಸ್ತಿ. ಇದನ್ನು ಓದಿದಾಗ ನನಗೆ ನೆನಪಾದದ್ದು ರಕ್ತ ತೆಗೆದ ಆ ಸಿಸ್ಟರ್.

ಮಾತ್ರೆ ಬರೆದುಕೊಟ್ಟರೆ

ಖಿನ್ನತೆಯ ಮಾತ್ರೆ ಕ್ರೋಸಿನ್ ಹಾಗಲ್ಲ, ಇವತ್ತು ನುಂಗಿ ನಾಳೆ ಗುಣ ಆಗುವುದಿಲ್ಲ. ಸಾಮಾನ್ಯವಾಗಿ ಎರಡರಿಂದ ಆರು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸಬಹುದು, ಸ್ವಲ್ಪ ಚಡಪಡಿಕೆ ಆಗಬಹುದು, ಮನಸ್ಸಿಗೆ ಲಾಭ ಕಾಣದೇ ಇರಬಹುದು. ಬಹಳ ಜನ ಇದೇ ವಾರದಲ್ಲಿ ಬಿಟ್ಟುಬಿಡುತ್ತಾರೆ. ತಡೆದುಕೊಳ್ಳುವುದಕ್ಕೆ ಆಗದಿದ್ದರೆ ಫೋನ್ ಮಾಡಿ ಕೇಳಿ, ಸುಮ್ಮನೆ ನಿಲ್ಲಿಸಬೇಡಿ.

ಶುಗರ್ ಇರುವವರು ಕೇಳಲೇಬೇಕಾದ ಪ್ರಶ್ನೆ ಒಂದಿದೆ: "ಇದರಿಂದ ನನ್ನ ತೂಕ, ಶುಗರ್ ಏರುತ್ತದಾ?" ಕೆಲವು ಮಾತ್ರೆಗಳಲ್ಲಿ ಏರುತ್ತೆ. ಮಿರ್ಟಜಪಿನ್, ಅಮಿಟ್ರಿಪ್ಟಿಲಿನ್ ಹಸಿವು ಹೆಚ್ಚಿಸಿ ತೂಕ ಏರಿಸಬಹುದು. ಒಲಾಂಜಪಿನ್, ಕ್ಲೋಜಪಿನ್ ಇನ್ನೂ ಜಾಸ್ತಿ, ಅವು ತೀವ್ರವಾದ ಮಾನಸಿಕ ಕಾಯಿಲೆಗೆ ಕೊಡುವಂಥವು. ಹಾಗೆಂದು ಅವನ್ನು ಕೆಟ್ಟ ಮಾತ್ರೆ ಎಂದು ಬಿಸಾಡಬೇಡಿ, ಅವಿಲ್ಲದೆ ಬದುಕು ಕಷ್ಟವಾಗುವವರಿದ್ದಾರೆ. ಅವರಿಗೆ ಶುಗರ್ ಪರೀಕ್ಷೆಯನ್ನು ಹತ್ತಿರ ಹತ್ತಿರ ಮಾಡಬೇಕು, ಅಷ್ಟೇ. ಸರ್ಟ್ರಲಿನ್, ಫ್ಲುಯೊಕ್ಸೆಟಿನ್ ಥರದವು ಶುಗರ್‌ಗೆ ಅಷ್ಟು ತೊಂದರೆ ಮಾಡುವುದಿಲ್ಲ, ಕೆಲವರಿಗೆ ಶುಗರ್ ಸ್ವಲ್ಪ ಇಳಿಯುವುದೂ ಉಂಟು, ಅದಕ್ಕೇ ಶುರುವಿನ ವಾರಗಳಲ್ಲಿ ಮೀಟರ್ ಕೈಗೆಟುಕುವಂತಿರಲಿ.

ನಿದ್ದೆ ಬರುವುದಿಲ್ಲ ಎಂದು ಮೆಡಿಕಲ್ ಶಾಪಿನಲ್ಲಿ ಆಲ್ಪ್ರಜೋಲಮ್ ಕೇಳಿ ತರುವ ಅಭ್ಯಾಸ ಬೇಡವೇ ಬೇಡ. ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದ ಮಾತ್ರೆ ಅದು. ಬೇಗ ಅಭ್ಯಾಸ ಹಿಡಿಯುತ್ತೆ, ವಯಸ್ಸಾದವರು ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ಬೀಳುತ್ತಾರೆ. ನಿದ್ದೆಗೆಂದು ಕುಡಿಯುವುದು ಇನ್ನೂ ಅಪಾಯ. ಖಾಲಿ ಹೊಟ್ಟೆಗೆ ಮದ್ಯ, ಜೊತೆಗೆ ಶುಗರ್ ಮಾತ್ರೆ ಅಥವಾ ಇನ್ಸುಲಿನ್ ಸೇರಿದರೆ ನಡುರಾತ್ರಿ ಶುಗರ್ ಇಳಿದು, ಪಕ್ಕದವರು ಕುಡಿದ ಮತ್ತು ಎಂದುಕೊಂಡು ಎಬ್ಬಿಸದೇ ಇರಬಹುದು.

ಹೊರೆ ಇಳಿಸುವ ಸಣ್ಣ ಕೆಲಸಗಳು

ಮಾತ್ರೆಯ ಜೊತೆಗೆ, ಅಥವಾ ಮಾತ್ರೆ ಬೇಕಿಲ್ಲದವರಿಗೆ ಮಾತ್ರೆಯ ಬದಲಿಗೆ, ದಿನದ ಕೆಲಸಗಳನ್ನು ಹಗುರ ಮಾಡಬೇಕು. ನನಗೆ ತುಂಬ ಸಹಾಯ ಮಾಡಿದ್ದು ರೀಡಿಂಗ್‌ಗೆ ಒಳ್ಳೆಯದು, ಕೆಟ್ಟದ್ದು ಎನ್ನುವುದನ್ನು ಬಿಟ್ಟದ್ದು. 210 ಬಂದರೆ "ಕೆಟ್ಟೆ" ಎನ್ನುತ್ತಿದ್ದವಳು ಈಗ "ಯಾಕೆ" ಎಂದು ಪಕ್ಕದಲ್ಲಿ ಎರಡು ಪದ ಬರೆಯುತ್ತೇನೆ: "ನಿದ್ದೆ ಇಲ್ಲ", "ಜಗಳ", "ಮದುವೆ ಊಟ", "ನೆಗಡಿ". ಒಂದು ತಿಂಗಳು ಹೀಗೆ ಬರೆದ ಮೇಲೆ ನೋಡಿದರೆ ಊಟಕ್ಕಿಂತ ಜಾಸ್ತಿ ಸಲ ಕಾಣಿಸಿದ್ದು ನಿದ್ದೆ ಮತ್ತು ಜಗಳ. ಒತ್ತಡ ಆದಾಗ ಕಾರ್ಟಿಸಾಲ್, ಅಡ್ರಿನಲಿನ್ ಏರುತ್ತವೆ, ಅವು ಲಿವರಿನಲ್ಲಿರುವ ಸಕ್ಕರೆಯನ್ನು ರಕ್ತಕ್ಕೆ ಬಿಡಿಸುತ್ತವೆ, ಒಂದು ತುತ್ತೂ ತಿನ್ನದೆ ಶುಗರ್ ಏರುತ್ತೆ. ಇದು ಗೊತ್ತಾದ ಮೇಲೆ ನನ್ನನ್ನು ನಾನು ಬೈದುಕೊಳ್ಳುವುದು ಬಹಳ ಕಡಿಮೆ ಆಯಿತು.

ಇನ್ಸುಲಿನ್ ಇಲ್ಲದೆ ಮಾತ್ರೆಯಲ್ಲೇ ಇರುವವರು ದಿನಕ್ಕೆ ಮೂರು ಸಲ ಚುಚ್ಚಿಕೊಂಡು ಗಾಬರಿಯಾಗುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ನಿಮಗೆ ಎಷ್ಟು ಸಲ ಬೇಕು ಎಂದು ಡಾಕ್ಟರ್‌ನ ಕೇಳಿ, ಅಷ್ಟೇ ನೋಡಿ.

ನಡಿಗೆ ಶುಗರ್‌ಗೂ ಒಳ್ಳೆಯದು, ಖಿನ್ನತೆಗೂ ಒಳ್ಳೆಯದು, ಎಲ್ಲರಿಗೂ ಗೊತ್ತು. ಆದರೆ ಮನಸ್ಸು ಕುಸಿದವರಿಗೆ "ದಿನಾ ಒಂದು ಗಂಟೆ ನಡೀರಿ" ಎನ್ನುವುದು ಬೆಟ್ಟ ಹತ್ತು ಎಂದ ಹಾಗೆ. ಊಟ ಆದ ಮೇಲೆ ಹತ್ತು ನಿಮಿಷ ಅಂಗಳದಲ್ಲೋ ತಾರಸಿಯಲ್ಲೋ ನಡೆಯಿರಿ, ಊಟದ ನಂತರದ ಶುಗರ್‌ಗೆ ಆ ಹತ್ತು ನಿಮಿಷವೂ ಲೆಕ್ಕಕ್ಕೆ ಬರುತ್ತೆ. ಮನಸ್ಸು ಬಂದ ಮೇಲೆ ಮಾಡುತ್ತೇನೆ ಎಂದು ಕಾಯಬೇಡಿ. ಈ ಕಾಯಿಲೆಯಲ್ಲಿ ಮೊದಲು ಕಾಲು ಹೊರಡಬೇಕು, ಮನಸ್ಸು ಆಮೇಲೆ ಬರುತ್ತೆ. ನನಗೆ ಮೊದಲ ವಾರ ಗೇಟಿನ ತನಕ ಮಾತ್ರ ಆಗಿತ್ತು.

ಊಟದ ವಿಷಯದಲ್ಲಿ ಒಂದೇ ಮಾತು. ವರ್ಷಕ್ಕೊಮ್ಮೆ ಯುಗಾದಿಗೆ ಅರ್ಧ ಒಬ್ಬಟ್ಟು ತಿಂದದ್ದಕ್ಕೆ ಮೂರು ದಿನ ಪಶ್ಚಾತ್ತಾಪ ಪಡುವುದು ಆ ಅರ್ಧ ಒಬ್ಬಟ್ಟಿಗಿಂತ ಜಾಸ್ತಿ ಹಾನಿ. ಮೊದಲೇ ತೀರ್ಮಾನ ಮಾಡಿ, ಎಲ್ಲರ ಎದುರು ಕೂತು, ಕೋಸಂಬರಿ ಜಾಸ್ತಿ ಅನ್ನ ಕಡಿಮೆ ಹಾಕಿಸಿಕೊಂಡು, ಅರ್ಧ ಒಬ್ಬಟ್ಟು ತಿಂದು ಏಳಿ. ಕದ್ದು ತಿನ್ನುವಂತಾದಾಗಲೇ ನಾಲ್ಕು ಹೋಗುವುದು. ರಾತ್ರಿ ಎಲ್ಲರೂ ಮಲಗಿದ ಮೇಲೆ ಹೊಟ್ಟೆ ಬಿರಿಯುವಷ್ಟು ತಿನ್ನುವುದು, ಆಮೇಲೆ ಅಳುವುದು ಪದೇ ಪದೇ ಆಗುತ್ತಿದ್ದರೆ ಅದನ್ನು ನಾಲಿಗೆ ಚಪಲ ಎಂದು ಬಿಡಬೇಡಿ, ಅದಕ್ಕೂ ಚಿಕಿತ್ಸೆ ಇದೆ.

ಇನ್ಸುಲಿನ್ ಶುರು ಮಾಡಬೇಕು ಎಂದಾಗ ಮನೆಯೇ ಮುಳುಗಿದ ಹಾಗೆ ಕೂರುವವರನ್ನು ನೋಡಿದ್ದೇನೆ. "ಕೊನೆ ಹಂತ" ಎಂದು ಯಾರೋ ಹೇಳಿರುತ್ತಾರೆ. ಟೈಪ್ 2 ಶುಗರ್‌ನಲ್ಲಿ ವರ್ಷ ಕಳೆದ ಹಾಗೆ ಮೇದೋಜೀರಕ ಗ್ರಂಥಿ ಮಾಡುವ ಇನ್ಸುಲಿನ್ ಕಡಿಮೆಯಾಗುತ್ತಾ ಹೋಗುತ್ತೆ, ಕಡಿಮೆ ಬಿದ್ದದ್ದನ್ನು ಹೊರಗಿನಿಂದ ಕೊಡುತ್ತಾರೆ. ನೀವು ಪಥ್ಯ ತಪ್ಪಿದ್ದಕ್ಕೆ ಕೊಟ್ಟ ಶಿಕ್ಷೆ ಅಲ್ಲ ಅದು.

ಮನೆಯವರಿಗೆ

ನಿಮ್ಮ ಕಾಳಜಿ ನಮಗೆ ಗೊತ್ತು. ಆದರೆ ತಟ್ಟೆ ಮೇಲೆ ಕಣ್ಣಿಟ್ಟು "ಮತ್ತೆ ಅನ್ನವಾ?" ಎನ್ನಬೇಡಿ. ನೆಂಟರ ಎದುರು "ಇವರಿಗೆ ಶುಗರ್, ಕೊಡಬೇಡಿ" ಎನ್ನಬೇಡಿ. "ಇವತ್ತು ಎಷ್ಟು ಬಂತು?" ಎಂದು ಕೇಳುವ ಬದಲು "ಇವತ್ತು ಹೇಗಿದೆ?" ಎಂದು ಕೇಳಿ. "ಧೈರ್ಯ ತಂದುಕೋ" ಎನ್ನುವುದರಿಂದ ಧೈರ್ಯ ಬರುವುದಿಲ್ಲ, ಜೊತೆಗೆ ಹತ್ತು ನಿಮಿಷ ನಡೆದರೆ, ಆಸ್ಪತ್ರೆಗೆ ಜೊತೆಗೆ ಬಂದರೆ ಬರುತ್ತೆ. ಒಬ್ಬರಿಗೆ ಬೇರೆ ಅಡುಗೆ ಮಾಡದೆ ಮನೆಯವರೆಲ್ಲ ಅದೇ ಸೊಪ್ಪಿನ ಸಾರು, ಪಲ್ಯ ತಿಂದರೆ, ನಾನೊಬ್ಬಳೇ ರೋಗಿ ಎಂಬ ಭಾವನೆಯೇ ಅರ್ಧ ಇಳಿಯುತ್ತೆ. ವಯಸ್ಸಾದವರು ಮಾತ್ರೆ ನುಂಗಿದ್ದನ್ನು ಮರೆತು ಮತ್ತೆ ನುಂಗುತ್ತಿದ್ದರೆ ವಾರದ ಡಬ್ಬಿ ತಂದು ನೀವೇ ತುಂಬಿಸಿಡಿ, ಆ ಮರೆವನ್ನು ಡಾಕ್ಟರ್‌ಗೂ ಹೇಳಿ.

"ನಾನಿದ್ದು ಏನು ಪ್ರಯೋಜನ", "ನಿಮಗೆಲ್ಲ ಭಾರ ಆಗಿದ್ದೇನೆ" ಎಂದು ಯಾರಾದರೂ ಅಂದರೆ ಅದನ್ನು ಮಾತಿಗೆ ಅಂದದ್ದು ಎಂದು ಬಿಡಬೇಡಿ. ಪಕ್ಕದಲ್ಲಿ ಕೂತು, ಸಾಯುವ ಯೋಚನೆ ಬರುತ್ತಿದೆಯಾ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳುವುದಕ್ಕೆ ದಾರಿ ಆಗುತ್ತೆ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ, ಮನೆಯ ಎಲ್ಲ ಔಷಧಿಯನ್ನೂ ನಿಮ್ಮ ಕೈಯಲ್ಲಿಟ್ಟುಕೊಂಡು ಹೊತ್ತು ಹೊತ್ತಿಗೆ ನೀವೇ ಕೊಡಿ, 14416ಕ್ಕೆ ಫೋನ್ ಮಾಡಿ, ಕೈ ಮೀರುತ್ತಿದೆ ಅನಿಸಿದರೆ 112 ಅಥವಾ 108. ಪೊಲೀಸ್ ಕೇಸ್ ಆಗುತ್ತದೆ ಎಂದು ಹೆದರಿ ಮುಚ್ಚಿಡುವ ಮನೆಗಳಿವೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಆತ್ಮಹತ್ಯೆಗೆ ಪ್ರಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರು ಎಂದೇ ನೋಡುತ್ತದೆ, ಅವರಿಗೆ ಚಿಕಿತ್ಸೆ, ಆರೈಕೆ ಕೊಡುವುದು ಸರ್ಕಾರದ ಹೊಣೆ ಎನ್ನುತ್ತದೆ. ಅದೇ ಕಾಯ್ದೆಯ ಪ್ರಕಾರ ವಿಮಾ ಕಂಪನಿಗಳು ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯ ಹಾಗೆಯೇ ವಿಮೆ ಕೊಡಬೇಕು. ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ನಿಮ್ಮ ಪಾಲಿಸಿ ತೆಗೆದು ನೋಡಿ.

ಸ್ವಲ್ಪ ಚೆನ್ನಾಗಾದ ಮೇಲೆ ಎಲ್ಲರಿಗೂ ಬರುವ ಯೋಚನೆ, ಈಗ ಖಿನ್ನತೆಯ ಮಾತ್ರೆ ನಿಲ್ಲಿಸಬಹುದಲ್ವಾ ಎಂದು. ನನಗೂ ಬಂತು. ಚೆನ್ನಾಗಾದ ಮೇಲೂ ಕೆಲವು ತಿಂಗಳು ಮುಂದುವರಿಸಿ, ಆಮೇಲೆ ಡಾಕ್ಟರ್ ಅದನ್ನು ನಿಧಾನವಾಗಿ ಇಳಿಸುತ್ತಾರೆ. ನಿದ್ದೆ ಬಂದು, ನಡಿಗೆ ಶುರುವಾಗಿ, ಮಾತ್ರೆ ತಪ್ಪದ ಹಾಗೆ ಆದಾಗ ಶುಗರ್ ತಾನಾಗಿ ಇಳಿಯುವುದುಂಟು. ಕಷ್ಟದ ದಿನಗಳಲ್ಲಿ ಏರಿಸಿದ್ದ ಶುಗರ್ ಡೋಸ್ ಆಗ ಜಾಸ್ತಿ ಆಗಿಬಿಡಬಹುದು, ಅದಕ್ಕೆ ಆ ತಿಂಗಳುಗಳಲ್ಲಿ ಶುಗರ್ ಡಾಕ್ಟರ್‌ನ ಇನ್ನೊಮ್ಮೆ ಕಂಡು ಡೋಸ್ ಸರಿ ಇದೆಯಾ ಎಂದು ನೋಡಿಸಿಕೊಳ್ಳಿ. ನನ್ನದು 9.6ರಿಂದ 7.4ಕ್ಕೆ ಬರುವುದಕ್ಕೆ ಹನ್ನೊಂದು ತಿಂಗಳು ಹಿಡಿಯಿತು, ಆ ಹೊತ್ತಿಗೆ ಡಾಕ್ಟರ್ ಸೇರಿಸಿದ್ದ ಎರಡು ಮಾತ್ರೆಯಲ್ಲಿ ಒಂದನ್ನು ಅವರೇ ತೆಗೆದರು.